ಏಡಿಗಳ ರಾಜ್ಯದಲ್ಲೊಬ್ಬ ದೊರೆ

ಮೆಕ್ಸಿಕೋ ಕರಾವಳಿಯಿಂದ ಸಾವಿರ ಕಿಲೋಮೀಟರಿಗೂ ಆಚೆ, ಪೆಸಿಫಿಕ್‌ನ ನಡುನೀರಲ್ಲಿ, ಯಾರದೋ ಕೈಜಾರಿದ ಬಳೆಯಂತೆ ಬಿದ್ದಿದೆ ಕ್ಲಿಪ್ಪರ್ಟನ್. ಹವಳದ ಬಳೆ. ಸುತ್ತು ಬಂದರೆ ಸುಮಾರು 12 ಕಿಲೋಮೀಟರ್. ತೀರಾ ಸಣಕಲಾದ ಕಡೆ ಅಗಲ 45 ಮೀಟರ್. ಎತ್ತರವೆಂದರೆ 29 ಮೀಟರಿನ ಒಂದೇ ಒಂದು ಜ್ವಾಲಾಮುಖಿ ಬಂಡೆ. ಒಳಗಿನ ಕೆರೆಗೆ ಕಡಲಿನ ದಾರಿ ಮುಚ್ಚಿಹೋಗಿದೆ. ಅದರ ಮೇಲ್ಪದರ ಹೆಚ್ಚುಕಡಿಮೆ ಸಿಹಿನೀರು, ತಳದಲ್ಲಿ ಕೊಳೆತ ಮೊಟ್ಟೆಯ ನಾತದ ವಿಷ.

ಹೆಸರು ಜಾನ್ ಕ್ಲಿಪ್ಪರ್ಟನ್ ಎಂಬ ಇಂಗ್ಲಿಷ್ ಕಡಲುಗಳ್ಳನದು. ಜನ ಬಂದದ್ದು ಹಕ್ಕಿಹಿಕ್ಕೆಯ ಗೊಬ್ಬರದಾಸೆಗೆ. ದ್ವೀಪ ತನ್ನದೆಂದು ಫ್ರಾನ್ಸ್ 1858ರಲ್ಲೇ ಸಾರಿತ್ತು; ಮೆಕ್ಸಿಕೋ ಒಪ್ಪದೆ ಕ್ಯಾಪ್ಟನ್ ರಮೋನ್ ಅರ್ನೋನ ಕೈಕೆಳಗೆ ಸೈನಿಕರನ್ನು ಹೆಂಡಿರುಮಕ್ಕಳ ಸಮೇತ ಇಲ್ಲಿಗೆ ಅಟ್ಟಿತು. 1914ರಲ್ಲಿ ಅಂತರ್ಯುದ್ಧದ ಗದ್ದಲದಲ್ಲಿ ದಿನಸಿ ತರುವ ಹಡಗು ನಿಂತೇಹೋಯಿತು. ಹಣ್ಣು–ತರಕಾರಿ ಕಾಣದ ಜನ ಸ್ಕರ್ವಿಯಿಂದ ಒಬ್ಬೊಬ್ಬರಾಗಿ ಸತ್ತರು. ದೂರದಲ್ಲೊಂದು ಹಡಗು ಕಂಡಿತೆಂದು ದೋಣಿ ಇಳಿಸಿದ ಅರ್ನೋ ಸಂಗಡಿಗರೊಂದಿಗೆ ಮುಳುಗಿದ.

ಉಳಿದದ್ದು ಹೆಂಗಸರು, ಮಕ್ಕಳು, ಮತ್ತೆ ದೀಪಸ್ತಂಭ ಕಾಯುತ್ತಿದ್ದ ವಿಕ್ಟೋರಿಯಾನೋ ಆಲ್ವಾರೆಸ್. ತಾನೇ ದೊರೆಯೆಂದು ಸಾರಿಕೊಂಡ ಆತ ಹೆಂಗಸರ ಮೇಲೆ ಅತ್ಯಾಚಾರ ಎಸಗಿದ, ಕೊಲೆಗಳನ್ನೂ ಮಾಡಿದ. 1917ರ ಜುಲೈಯಲ್ಲಿ ತಿರ್ಸಾ ರೆಂಡೋನ್ ಎಂಬಾಕೆ ಅವನನ್ನು ಕೊಂದಳು. ಅದಾದದ್ದೇ ತಡ, ಅಮೆರಿಕದ ಯುದ್ಧನೌಕೆ ಯಾರ್ಕ್‌ಟೌನ್ ಕಾಣಿಸಿಕೊಂಡಿತು. ಹಡಗೇರಿದವರು 4 ಹೆಂಗಸರು, 7 ಮಕ್ಕಳು. 1931ರಲ್ಲಿ ಮಧ್ಯಸ್ಥಗಾರನಾಗಿದ್ದ ಇಟಲಿಯ ನಿಜವಾದ ರಾಜ, ಮೂರನೆಯ ವಿಕ್ಟರ್ ಇಮ್ಯಾನುಯೆಲ್, ದ್ವೀಪ ಫ್ರಾನ್ಸಿನದೆಂದು ತೀರ್ಪಿತ್ತ. ಅಷ್ಟರಲ್ಲಿ ಅಲ್ಲಿ ಆಳುತ್ತಿದ್ದದ್ದು ಹಂದಿಗಳು!

ಗೊಬ್ಬರದ ಕಾಲದಲ್ಲಿ ಬಂದಿಳಿದ ಹಂದಿಗಳ ಸಂತಾನ ಅದು. ಕಿತ್ತಳೆ ಬಣ್ಣದ ನೆಲಏಡಿ, ಬೂಬಿ ಹಕ್ಕಿಯ ಮೊಟ್ಟೆ, ಎರಡೂ ಅವಕ್ಕೆ ಊಟ. 1958ರಲ್ಲಿ ಬಂದ ಪಕ್ಷಿವಿಜ್ಞಾನಿ ಕೆನ್ ಸ್ಟೇಜರ್ ಈ ಪಾಡು ನೋಡಲಾರದೆ ಬಂದೂಕು ಎತ್ತಿದ. 58 ಹಂದಿಗಳು ಉರುಳಿದವು. ವಿಜ್ಞಾನಿಯೊಬ್ಬ ಹೀಗೆ ಮಾಡಬಹುದೇ ಎಂದು ಕೇಳುವವರಿಗೆ ಹಕ್ಕಿಗಳ ಲೆಕ್ಕವೇ ಉತ್ತರ. ಅಂದು ಮುಖವಾಡದ ಬೂಬಿಗಳಿದ್ದದ್ದು ಸುಮಾರು 150. 2003ರ ಹೊತ್ತಿಗೆ ಲಕ್ಷ ದಾಟಿದ್ದವು, ಜಗತ್ತಿನಲ್ಲೇ ಅತಿ ದೊಡ್ಡ ಹಿಂಡು.

ಏಡಿಗಳೂ ಹೆಚ್ಚಿದವು; ಚಿಗುರಿದ್ದನ್ನೆಲ್ಲ ಮೇಯ್ದು ಹಸಿರು ನೆಲವನ್ನು ಬೋಳು ಮಾಡಿದವು. 2000ದ ಆಸುಪಾಸಿನಲ್ಲಿ, ಒಡೆದ ಹಡಗುಗಳಿಂದ ಈಜಿ ಬಂದವೆನ್ನಲಾದ ಇಲಿಗಳು ಈಗ ಏಡಿಗಳನ್ನು ತಿನ್ನುತ್ತಿವೆ. ನಮ್ಮ ಕಾರವಾರ–ಮಲ್ಪೆಯ ಮರಳಲ್ಲಿ ನೇರಳೆ ಹೂ ಬಿಡುವ ಅಡುಂಬು ಬಳ್ಳಿ ಅಲ್ಲಿಯೂ ಇದೆ. ಏಡಿ ಕಡಿಮೆಯಾದಲ್ಲೆಲ್ಲ ಮತ್ತೆ ಹಸಿರು ಹಬ್ಬುತ್ತಿದೆ.