ಹೆಬ್ಬಾಳದ ಕಿತ್ತಯ್ಯ: ಊರಿಗಾಗಿ ಮಡಿದವನ ಕಲ್ಲು

ಆರ್.ಟಿ. ನಗರ, ಅಂದರೆ ರವೀಂದ್ರನಾಥ ಟ್ಯಾಗೋರ್ ನಗರ, ಕಳೆದ ಶತಮಾನದ ಬಡಾವಣೆ. ಅಲ್ಲಿಂದ ಬಳ್ಳಾರಿ ರಸ್ತೆ ಹಿಡಿದು ಉತ್ತರಕ್ಕೆ ಹೊರಟರೆ ಸಿಗುವ ಹೆಬ್ಬಾಳದ ವಯಸ್ಸು ಮಾತ್ರ ಹನ್ನೆರಡು ಶತಮಾನ ದಾಟಿದೆ. ಮೇಲ್ಸೇತುವೆಗೂ ಟ್ರಾಫಿಕ್ ಜಾಮ್‌ಗೂ ಹೆಸರಾದ ಈ ಊರಿನಲ್ಲಿ 2018ರಲ್ಲಿ ಚರಂಡಿಗಾಗಿ ಅಗೆಯುವಾಗ ವೀರಗಲ್ಲೊಂದು ಬೆಳಕಿಗೆ ಬಂತು. ಕಾಲ ಸುಮಾರು ಕ್ರಿ.ಶ. 750. ಬೆಂಗಳೂರಿನಲ್ಲಿ ಈವರೆಗೆ ಸಿಕ್ಕಿರುವ ಕನ್ನಡ ಶಾಸನಗಳಲ್ಲಿ ಇದೇ ಅತಿ ಹಳೆಯದು ಎನ್ನುತ್ತಾರೆ ತಜ್ಞರು. ಬಿ.ಎಲ್. ರೈಸ್ 1905ರಲ್ಲಿ ಹೊರತಂದ ಬೆಂಗಳೂರು ಜಿಲ್ಲೆಯ ಶಾಸನ ಸಂಪುಟದಲ್ಲೂ ಇದಿಲ್ಲ. ಆಗಿನ್ನೂ ಕಲ್ಲು ಮಣ್ಣಿನೊಳಗಿತ್ತು.

ಶಾಸನ ಚಿಕ್ಕದು, ಸುದ್ದಿ ದೊಡ್ಡದು. ಗಂಗರ ಶ್ರೀಪುರುಷ ಆಳುತ್ತಿದ್ದಾನೆ. ಹೆಬ್ಬಾಳ ಆಗ 'ಪೆರ್ಬೊಳಲ್‌ನಾಡು ಮೂವತ್ತು' ಎಂಬ ಆಡಳಿತ ವಿಭಾಗ. ರಟ್ಟವಾಡಿಯವರು, ಅಂದರೆ ರಾಷ್ಟ್ರಕೂಟರ ಕಡೆಯವರು, ಊರ ಮೇಲೆ ಬಿದ್ದಾಗ ಕಿತ್ತಯ್ಯ ಹೋರಾಡಿ ಮಡಿದು ಇಂದ್ರಲೋಕ ಸೇರಿದ. ದಾಳಿಗೆ ಬಂದ ದಳಪತಿಗಿಂತ ಎದುರು ನಿಂತವನ ಹೆಸರೇ ಇಲ್ಲಿ ಮುಖ್ಯ.

ದಂಡಯಾತ್ರೆಗಳ ಚರಿತ್ರೆ ಸಾಮಾನ್ಯವಾಗಿ ಹೀಗಿರುವುದಿಲ್ಲ. 1519ರಲ್ಲಿ ಮೆಕ್ಸಿಕೊ ತೀರಕ್ಕಿಳಿದ ಸ್ಪೇನಿನ ಹರ್ನಾನ್ ಕೊರ್ಟೆಸ್, ಸ್ಥಳೀಯ ತ್ಲಾಸ್ಕಲಾದವರನ್ನು ಜತೆಗಿಟ್ಟುಕೊಂಡು, ಸರೋವರಕ್ಕೆ 13 ನೌಕೆ ಇಳಿಸಿ, 1521ರ ಆಗಸ್ಟ್ 13ರಂದು ಅಜ್ಟೆಕರ ರಾಜಧಾನಿ ತೆನೋಚ್ತಿತ್ಲಾನ್ ಗೆದ್ದ. ಅವನ ಮುತ್ತಿಗೆಗೆ ಮೊದಲೇ ಸಿಡುಬು ಆ ನಗರವನ್ನು ಹಣ್ಣು ಮಾಡಿತ್ತು. ಜಗತ್ತು ಈ ಕಥೆಯನ್ನು ಬಹುಕಾಲ ಓದಿದ್ದು, ದೊರೆಗೆ ಕೊರ್ಟೆಸ್ ಬರೆದ ಪತ್ರಗಳಲ್ಲಿ ಮತ್ತು ಅವನ ಸೈನಿಕ ಬೆರ್ನಾಲ್ ಡಿಯಾಸನ ನೆನಪುಗಳಲ್ಲಿ. ಗೆದ್ದವರದೇ ಲೇಖನಿ, ಗೆದ್ದವರದೇ ಲೆಕ್ಕ. ನಮ್ಮ ವೀರಗಲ್ಲುಗಳ ಪದ್ಧತಿ ಬೇರೆ: ಊರಿಗಾಗಿ, ದನಕರುಗಳಿಗಾಗಿ ಸತ್ತ ಸಾಮಾನ್ಯನಿಗೂ ಒಂದು ಕಲ್ಲು. ಬೇಗೂರಿನಲ್ಲಿರುವ, 'ಬೆಂಗಳೂರು ಕಾಳಗ'ವನ್ನು ಹೆಸರಿಸುವ ಸುಮಾರು ಕ್ರಿ.ಶ. 890ರ ಕಲ್ಲೂ ಇದೇ ಸಾಲಿನದು. ಕೆಂಪೇಗೌಡರು 1537ರಲ್ಲಿ ಪೇಟೆ ಕಟ್ಟಿಸುವ ಎಷ್ಟೋ ಮೊದಲೇ ಈ ಸೀಮೆಯಲ್ಲಿ ಹಳ್ಳಿಗಳಿದ್ದವು, ಅವುಗಳನ್ನು ಕಾಯುವವರೂ ಇದ್ದರು ಎಂಬುದಕ್ಕೆ ಇವೇ ಸಾಕ್ಷಿ.

ಶಾಸನಾಸಕ್ತರ ಮುತುವರ್ಜಿಯಿಂದ ಕಿತ್ತಯ್ಯನ ಕಲ್ಲಿಗೀಗ ಹೆಬ್ಬಾಳದಲ್ಲೇ ಮಂಟಪವಿದೆ. ಎಲ್ಲ ಕಲ್ಲುಗಳಿಗೂ ಈ ಭಾಗ್ಯವಿಲ್ಲ. ಎಷ್ಟೋ ಕಲ್ಲುಗಳು ಪಾಯದಡಿ ಸೇರಿವೆ. ನಿಮ್ಮ ಬಡಾವಣೆಯಲ್ಲಿ ಅಗೆಯುವಾಗ ಅಕ್ಷರವಿರುವ ಕಲ್ಲು ಕಂಡರೆ ಒಡೆಯಬೇಡಿ. ಪುರಾತತ್ವ ಇಲಾಖೆಗೆ ತಿಳಿಸಿ.