ಸವೆದ ಅಚ್ಚು ನಾಣ್ಯದಲ್ಲಿ ಉಳಿಸಿದ ಗುರುತುಗಳು

ಶಿಕಾರಿಪುರ, ಸೊರಬ ಸೀಮೆಯ ಹಳೆಯ ಮನೆತನಗಳಲ್ಲಿ ದೇವರ ಪೆಟ್ಟಿಗೆಯೊಳಗೆ ಒಂದೆರಡು ಇಕ್ಕೇರಿ ವರಹಗಳನ್ನು ಕಾಪಾಡಿಕೊಂಡು ಬಂದಿರುವುದುಂಟು. ಅವುಗಳ ಮೇಲೆ ಅಡ್ಡಗೆರೆಯೋ ಗಂಟೋ ಕಂಡೊಡನೆ, ನಾಣ್ಯ ಕೆಟ್ಟಿತೆಂದು ಮೂಸೆಗೆ ಹಾಕಿಸುವವರಿದ್ದಾರೆ. ಅಪೂರ್ವವಸ್ತುವೆಂದು ಬಣ್ಣಿಸಿ ಹತ್ತರಷ್ಟು ಬೆಲೆ ಹೇಳುವವರೂ ಇದ್ದಾರೆ. ಎರಡೂ ಅವಸರದ ತೀರ್ಮಾನಗಳೇ ಸರಿ.

ಹಿಂದೆ ನಾಣ್ಯವನ್ನು ಕೈಯಿಂದಲೇ ಅಚ್ಚೊತ್ತುತ್ತಿದ್ದರು. ಕೆಳಗಿನ ಅಚ್ಚು ಅಡಿಗಲ್ಲಿನಂತೆ ಸ್ಥಿರವಾಗಿರುತ್ತಿತ್ತು. ಮೇಲಿನದು ಸುತ್ತಿಗೆಯ ಪೆಟ್ಟನ್ನು ನೇರವಾಗಿ ತಾಳಬೇಕಾಗಿದ್ದುದರಿಂದ ಸಾಮಾನ್ಯವಾಗಿ ಬೇಗನೆ ಬಿರಿಯುತ್ತಿತ್ತು. ಬಿರುಕು ಅಚ್ಚಿನಲ್ಲಿ ತಗ್ಗು. ಪೆಟ್ಟು ಬಿದ್ದಾಗ ಲೋಹವು ಆ ತಗ್ಗಿನೊಳಗೆ ನುಗ್ಗುವುದರಿಂದ ನಾಣ್ಯದ ಮೇಲೆ ಉಬ್ಬುಗೆರೆ ಮೂಡುತ್ತದೆ. ಮೊಳೆಯಿಂದಲೋ ಚಾಕುವಿನಿಂದಲೋ ಆದ ಗಾಯವಾದರೆ ನಾಣ್ಯದಲ್ಲಿಯೇ ತಗ್ಗು. ಗೆರೆ ಉಬ್ಬೋ ತಗ್ಗೋ ಎಂಬುದೊಂದನ್ನು ಭೂತಗನ್ನಡಿಯಲ್ಲಿ ನೋಡಿದರೆ ಅರ್ಧ ಸಂಶಯ ಕಳೆಯಿತು. ಅಧ್ಯಾಪಕರು ಗೀರಿದ ಮುದ್ರೆಯೊಂದನ್ನು ಹಸಿಮಣ್ಣಿಗೆ ಒತ್ತಿ ತೋರಿಸಿದರೆ ಐದನೆಯ ತರಗತಿಯ ಹುಡುಗನಿಗೂ ಇದು ತಿಳಿದೀತು. ಅಚ್ಚಿನ ಅಂಚು ಮುರಿದು ಬಿದ್ದಿದ್ದರೆ ನಾಣ್ಯದ ಅಂಚಿನಲ್ಲಿ ಆಕಾರವಿಲ್ಲದ ಗಂಟು ನಿಲ್ಲುತ್ತದೆ. ನಡುವೆ ಬಿಲ್ಲೆಯಿಲ್ಲದೆ ಎರಡು ಅಚ್ಚುಗಳು ಪರಸ್ಪರ ಹೊಡೆದುಕೊಂಡಿದ್ದರೆ ಒಂದು ಮುಖದ ಛಾಯೆ ಮತ್ತೊಂದರಲ್ಲಿ ತಿರುಗುಮುರುಗಾಗಿ ಕಾಣುತ್ತದೆ.

ಸವೆತದಲ್ಲಿಯೂ ಎರಡು ಬಗೆ. ಕೈಯಿಂದ ಕೈಗೆ ಸಾಗಿ ಸವೆದ ನಾಣ್ಯದಲ್ಲಿ ಮೊದಲು ನುಣುಪಾಗುವುದು ಮುಖ, ಮೊಣಕಾಲುಗಳಂಥ ಎತ್ತರದ ಭಾಗ. ಅಚ್ಚೇ ಸವೆದಿದ್ದರೆ ಅಕ್ಷರಗಳ ಅಂಚು ಕದಡಿ, ಕೇಂದ್ರದಿಂದ ಹೊರಕ್ಕೆ ಹರಿದಂಥ ಸೂಕ್ಷ್ಮ ಗೆರೆಗಳು ತೋರುತ್ತವೆ. ಚಿತ್ರ ಪೂರ್ತಿ ಬೀಳದೆ ಬದಿಗೆ ಸರಿದಿದ್ದರೆ ಅದು ಸವೆತವಲ್ಲ. ಅಚ್ಚು ಬಿಲ್ಲೆಗಿಂತ ದೊಡ್ಡದಾಗಿತ್ತು, ಅಷ್ಟೆ.

ಇಷ್ಟು ಶ್ರಮವೇಕೆ ಎಂದು ಕೇಳಬಹುದು. ಕೆಳದಿಯ ವರಹದ ಒಂದು ಮುಖದಲ್ಲಿ ಶಿವಪಾರ್ವತಿಯರು, ಇನ್ನೊಂದರಲ್ಲಿ ನಾಗರಿ ಲಿಪಿಯ ‘ಶ್ರೀ ಸದಾಶಿವ’. ಇಸವಿಯಿಲ್ಲ. ಸದಾಶಿವನಾಯಕನ ತರುವಾಯದ ಅರಸರೂ ಇದೇ ಲೇಖವನ್ನು ಮುಂದುವರಿಸಿದರು. 1763ರಲ್ಲಿ ಬಿದನೂರನ್ನು ಗೆದ್ದ ಹೈದರಾಲಿಯೂ ಶಿವಪಾರ್ವತಿಯರನ್ನು ಉಳಿಸಿಕೊಂಡು, ಹಿಂಬದಿಯಲ್ಲಿ ಮಾತ್ರ ತನ್ನ ಹೆಸರಿನ ಪಾರಸಿ ಮೊದಲಕ್ಷರವನ್ನು ಹಾಕಿಸಿದನು. ಶಿಕಾರಿಪುರ ಸೀಮೆಯ ಶಾಸನಗಳು 1902ರಲ್ಲಿ, ಸೊರಬದವು 1904ರಲ್ಲಿ ರೈಸರ ಸಂಪುಟಗಳಲ್ಲಿ ಅಚ್ಚಾದವು. ಅವುಗಳಲ್ಲಿ ಅನೇಕಕ್ಕೆ ಶಕವರ್ಷವಿದೆ. ವರಹಕ್ಕೆ ಆ ಭಾಗ್ಯವಿಲ್ಲ. ಅದಕ್ಕಿರುವುದು ಬಿರುಕಿನ ಸಾಕ್ಷ್ಯ. ಎರಡು ವರಹಗಳಲ್ಲಿ ಒಂದೇ ಸ್ಥಳದಲ್ಲಿ ಒಂದೇ ಉಬ್ಬುಗೆರೆ ಇದ್ದರೆ ಅವು ಒಂದೇ ಅಚ್ಚಿನ ಮಕ್ಕಳು. ಗೆರೆ ಚಿಕ್ಕದಾದದ್ದು ಹಿರಿಯದು, ಉದ್ದವಾದದ್ದು ಕಿರಿಯದು. ಹೀಗೆ ಒಂದಕ್ಕೊಂದು ಜೋಡಿಸುತ್ತ ಹೋದರೆ ಇಸವಿಯಿಲ್ಲದ ನಾಣ್ಯಗಳೂ ಸಾಲಾಗಿ ನಿಲ್ಲುತ್ತವೆ. ಮೂಸೆಗೆ ಬಿದ್ದ ಪ್ರತಿಯೊಂದು ವರಹದೊಡನೆ ಈ ಸಾಲಿನ ಒಂದು ಕೊಂಡಿ ಕಳಚುತ್ತದೆ.

ಆದರೆ ಎರಡು ವರಹಗಳಲ್ಲಿ ಒಂದೇ ಗೀರು, ಅದೂ ತಗ್ಗುಗೀರು, ಅದೇ ಜಾಗದಲ್ಲಿ ಇದ್ದರೆ ಎಚ್ಚರಿಕೆ ಬೇಕು. ಗಾಯಗಳು ಹಾಗೆ ಹೊಂದಿ ಬೀಳುವುದಿಲ್ಲ. ಒಂದನ್ನು ಮಾದರಿಯಾಗಿಟ್ಟು ಎರಕ ಹೊಯ್ದ ನಕಲಿ ಅದಾಗಿರಬಹುದು. ತಾಮ್ರದ ಕಾಸುಗಳನ್ನು ಹುಣಿಸೆಹಣ್ಣಿನಿಂದ ತಿಕ್ಕುವ ರೂಢಿಯಂತೂ ಸೂಕ್ಷ್ಮ ಗೆರೆಗಳನ್ನೆಲ್ಲ ಅಳಿಸಿಬಿಡುತ್ತದೆ. ಹಳೆಯ ವಿದ್ಯಾರ್ಥಿ ಬಂಧುಗಳು ತಿಕ್ಕುವ ಮೊದಲೇ ಎರಡೂ ಮುಖಗಳ ಛಾಯಾಚಿತ್ರವನ್ನು ಓರೆಬೆಳಕಿನಲ್ಲಿ ತೆಗೆಸಿಡುವುದು ಲೇಸು.