ಡಕೋಟ ಲಟಾರಿ ವಿಮಾನವಲ್ಲ

ಸಿರಾ, ಮಧುಗಿರಿ, ಕೊರಟಗೆರೆ, ಪಾವಗಡ ಯಾವ ಬಸ್‌ಸ್ಟ್ಯಾಂಡಿನಲ್ಲೇ ಆಗಲಿ, ಕಿಟಕಿ ಗಡಗಡ ಅಲ್ಲಾಡುವ ಹಳೇ ಬಸ್ಸು ಬಂದರೆ ‘ಬಂತು ನೋಡು ಡಕೋಟ’ ಅನ್ನುತ್ತಾರೆ. ಬಸ್ಸಿಗೆ ಏನು ಬೇಕಾದರೂ ಅನ್ನಲಿ. ಆದರೆ ಆ ಹೆಸರಿನ ವಿಮಾನವೂ ಹಾಗೇ ಇತ್ತು, ಜನ ಜೀವ ಕೈಯಲ್ಲಿ ಹಿಡಿದು ಹತ್ತುತ್ತಿದ್ದರು ಎಂದು ಓದಿದವರೂ ಹೇಳುವಾಗ ಸಿಟ್ಟು ಬರುತ್ತದೆ.

1935ರ ಡಿಸೆಂಬರ್ 17ರಂದು ಮೊದಲು ಹಾರಿದ ಡಗ್ಲಸ್ ಡಿಸಿ-3 ವಿಮಾನದ ಎರಡನೇ ಮಹಾಯುದ್ಧಕಾಲದ ರೂಪವೇ ಡಕೋಟ. ಅದಕ್ಕೂ ಹಿಂದಿನ, 14 ಸೀಟಿನ ಡಿಸಿ-2ರ ಒಡಲನ್ನು ಅಗಲ ಮಾಡಿದಾಗ ರಾತ್ರಿ ಪ್ರಯಾಣಕ್ಕೆ 14 ಬರ್ತು, ಹಗಲಿಗೆ 21 ಸೀಟು ಹಿಡಿದವು. ಯುದ್ಧ ಬಂದಾಗ ನೆಲ ಗಟ್ಟಿ ಮಾಡಿ, ಸರಕಿಗೆ ದೊಡ್ಡ ಬಾಗಿಲಿಟ್ಟು ಸಿ-47 ಮಾಡಿದರು. ಬ್ರಿಟಿಷರು ಅದಕ್ಕಿಟ್ಟ ಹೆಸರು ಡಕೋಟ. 1,200 ಅಶ್ವಶಕ್ತಿಯ ಎರಡು ಎಂಜಿನ್. ಒಂದು ಕೆಟ್ಟರೂ ಇನ್ನೊಂದರಲ್ಲೇ ಹಾರಬೇಕೆಂಬುದು ಮೂಲ ಮಾದರಿ ಡಿಸಿ-1ರ ಕಾಲಕ್ಕೇ ಅಮೆರಿಕದ ವಿಮಾನಯಾನ ಕಂಪನಿ ಟಿಡಬ್ಲ್ಯುಎ ಹಾಕಿದ್ದ ಷರತ್ತು. ಚಕ್ರ ಮಡಚಿಕೊಂಡಾಗಲೂ ಅರ್ಧ ಟೈರು ಎಂಜಿನ್ನಿನ ಕೆಳಗೆ ಹೊರಗೇ ಇರುತ್ತಿತ್ತು. ಚಕ್ರ ಬಿಚ್ಚಿಕೊಳ್ಳದೆ ನೆಲಕ್ಕಿಳಿದರೂ ಹೊಟ್ಟೆ ಪೂರ್ತಿ ಉಜ್ಜಿಹೋಗುತ್ತಿರಲಿಲ್ಲ. 1947ರ ಅಕ್ಟೋಬರ್ 27ರಂದು ಸಿಖ್ ರೆಜಿಮೆಂಟಿನ ಸೈನಿಕರನ್ನು ಶ್ರೀನಗರಕ್ಕೆ ಮುಟ್ಟಿಸಿದ್ದು ಇವೇ ಡಕೋಟಗಳು. ಮರುವರ್ಷ ವಾಯುಪಡೆಯ ಅಧಿಕಾರಿ ಮೆಹರ್ ಸಿಂಗ್ 10,000 ಅಡಿಗೂ ಎತ್ತರದ ಲೇಹ್‌ನಲ್ಲಿ ಇದನ್ನು ಇಳಿಸಿದರು. ಲಟಾರಿಯಿಂದ ಆಗುವ ಕೆಲಸವೇ ಇದು?

ಕೆಟ್ಟ ಹೆಸರು ಹೇಗೆ ಬಂತು? ನಮ್ಮವರು ಕಂಡದ್ದು ಅದರ ಮುಪ್ಪನ್ನು ಎಂಬುದು ನನ್ನ ಅಂದಾಜು. ಮಹಾಯುದ್ಧ ಮುಗಿದ ಮೇಲೆ ಉಳಿದ ವಿಮಾನಗಳನ್ನು ಬೆಂಗಳೂರಿನ ಎಚ್‌ಎಎಲ್ ರಿಪೇರಿ ಮಾಡಿ, ಸೀಟು ಕೂರಿಸಿ ಕಂಪನಿಗಳಿಗೆ ಕೊಟ್ಟಿತು. ಕ್ಯಾಬಿನ್ನಿನೊಳಗೆ ಗಾಳಿಯ ಒತ್ತಡ ಕಾಯುವ ವ್ಯವಸ್ಥೆ ಇಲ್ಲದ್ದರಿಂದ ತಗ್ಗಿನಲ್ಲೇ, ಕುಲುಕುತ್ತ ಹಾರಬೇಕಿತ್ತು. ಕುಲುಕಾಟ ಕಂಡವರು ವಿಮಾನವೇ ದುರ್ಬಲ ಎಂದುಕೊಂಡರು.

ಎಚ್‌ಎಎಲ್ ಡಕೋಟ ತಯಾರಿಸಿತು ಎನ್ನುವುದೂ ಸುಳ್ಳು. ಅಲ್ಲಿ ನಡೆದದ್ದು ರಿಪೇರಿ, ಮಾರ್ಪಾಡು. ಮೈಗೆಲ್ಲ ಬಟ್ಟೆ ಹೊದಿಸಿದ್ದರು ಎನ್ನುವುದೂ ಸುಳ್ಳು. ಒಡಲು, ರೆಕ್ಕೆ ಅಲ್ಯುಮಿನಿಯಂ, ದಿಕ್ಕು ತಿರುಗಿಸುವ ಚುಕ್ಕಾಣಿಯಂಥ ಭಾಗಗಳಿಗೆ ಮಾತ್ರ ಬಟ್ಟೆ.

ಕೇಳಿದ್ದನ್ನು ಹಾಗೇ ದಾಟಿಸುವ ಚಾಳಿ ನಮ್ಮಲ್ಲಿ ಬಲವಾಗಿದೆ. ಮಧುಗಿರಿ ಬೆಟ್ಟ ಏಷ್ಯಾದಲ್ಲೇ ಎರಡನೇ ದೊಡ್ಡ ಏಕಶಿಲೆ ಎಂದು ಎಲ್ಲರೂ ಹೇಳುತ್ತಾರೆ. ಯಾರು ಅಳೆದರು, ಯಾವುದರ ಜೊತೆ ಹೋಲಿಸಿದರು ಎಂದು ಎಷ್ಟು ಜನ ಕೇಳಿದ್ದಾರೆ? ಡಕೋಟದ ವಿಷಯದಲ್ಲಂತೂ ಪುರಾವೆ ಕಣ್ಣೆದುರೇ ಇದೆ. 2018ರಲ್ಲಿ, 70 ವರ್ಷ ದಾಟಿದ ‘ಪರಶುರಾಮ’ ಎಂಬ ಡಕೋಟ ಇಂಗ್ಲೆಂಡಿನಿಂದ ಭಾರತದವರೆಗೆ ತಾನೇ ಹಾರಿ ಬಂದು ವಾಯುಪಡೆ ಸೇರಿತು.